ಹಳೆಯ ನಾಣ್ಯ: ನೋಡುವುದು, ಫೋಟೋ ತೆಗೆಯುವುದು, ತೊಳೆಯುವುದು – ಪದೇ ಪದೇ ಕೇಳುವ ಪ್ರಶ್ನೆಗಳು

ನಾಣ್ಯ ಕೂಡಿಡುವವರ ಜೊತೆ ಮಾತಿಗೆ ಕೂತಾಗಲೂ ಅವರ ಪತ್ರಗಳಲ್ಲೂ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ತೊಳೆಯುವ ವಿಷಯವನ್ನು ಬೇಕೆಂದೇ ಕೊನೆಗಿಟ್ಟಿದ್ದೇನೆ. ನಾಣ್ಯ ಕೈಗೆ ಬಂದಾಗ ಮೊದಲು ನೋಡಬೇಕು, ಆಮೇಲೆ ಫೋಟೋ ತೆಗೆಯಬೇಕು. ತೊಳೆಯಬೇಕೋ ಬೇಡವೋ ಅನ್ನುವುದು ಎಲ್ಲಕ್ಕಿಂತ ಕೊನೆಯ ಪ್ರಶ್ನೆ.

## ಶುರುವಿನಲ್ಲಿ

ಹಳೇ ಪೆಟ್ಟಿಗೆಯಲ್ಲಿ ಒಂದಷ್ಟು ಕಪ್ಪಾದ ನಾಣ್ಯ ಸಿಕ್ಕಿವೆ. ಮೊದಲು ಏನು ಮಾಡಲಿ?

ಉಜ್ಜಬೇಡಿ, ತೊಳೆಯಬೇಡಿ. ಮೇಜಿನ ಮೇಲೆ ಮೆತ್ತನೆಯ ಬಟ್ಟೆ ಹಾಸಿ, ಒಂದಕ್ಕೊಂದು ತಾಗದ ಹಾಗೆ ಹರಡಿ. ರಬ್ಬರ್ ಬ್ಯಾಂಡ್ ಸುತ್ತಿದ್ದರೆ ಬಿಚ್ಚಿ ತೆಗೆಯಿರಿ, ಅದರಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಮೃದುವಾದ ಪ್ಲಾಸ್ಟಿಕ್ ಚೀಲದಲ್ಲಿದ್ದರೆ ಅದರಿಂದಲೂ ಹೊರಗೆ ತೆಗೆಯಿರಿ. ಯಾವ ನಾಣ್ಯ ಯಾವ ಪೊಟ್ಟಣದಲ್ಲಿತ್ತು, ಜೊತೆಗೆ ಚೀಟಿ ಇತ್ತಾ ಅಂತ ಬರೆದಿಡಿ. ಒಮ್ಮೆ ಬೆರೆಸಿಬಿಟ್ಟರೆ ಆ ಮಾಹಿತಿ ವಾಪಸ್ ಸಿಗುವುದಿಲ್ಲ. ಆಮೇಲೆ ಎರಡೂ ಬದಿಯ ಫೋಟೋ, ತೂಕ, ಅಡ್ಡಳತೆ. ಮೊದಲ ದಿನಕ್ಕೆ ಇಷ್ಟು ಸಾಕು.

ಬರಿಗೈಯಲ್ಲಿ ಮುಟ್ಟಲೇಬಾರದಾ?

ಮುಟ್ಟಬಹುದು, ಅಂಚಿನಲ್ಲಿ ಮಾತ್ರ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಅಂಚು ಹಿಡಿಯಿರಿ. ನಾಣ್ಯದ ಮುಖದ ಮೇಲೆ ಬೆರಳು ಬೇಡ. ಬೆವರಿನಲ್ಲಿ ಉಪ್ಪು, ಎಣ್ಣೆ, ಆಮ್ಲ ಎಲ್ಲವೂ ಇರುತ್ತವೆ. ಹೊಳೆಯುವ ತಾಮ್ರದ ನಾಣ್ಯದ ಮೇಲೆ ಇವತ್ತು ಬೆರಳಿಟ್ಟರೆ ಇವತ್ತು ಏನೂ ಕಾಣುವುದಿಲ್ಲ. ಕೆಲವು ತಿಂಗಳ ನಂತರ ನಿಮ್ಮ ಬೆರಳಚ್ಚು ಗೆರೆಗೆರೆಯಾಗಿ, ಕಂದು ಬಣ್ಣದಲ್ಲಿ ಎದ್ದು ಬರುತ್ತದೆ. ಅಷ್ಟೊತ್ತಿಗೆ ಅದು ಲೋಹಕ್ಕೇ ಇಳಿದಿರುತ್ತದೆ.

ಕೈ ತೊಳೆದು ಚೆನ್ನಾಗಿ ಒರೆಸಿಕೊಂಡರೆ ಗ್ಲೌಸ್ ಕಡ್ಡಾಯವೇನಲ್ಲ. ಹಾಕುವುದಾದರೆ ಪುಡಿ ಇಲ್ಲದ ನೈಟ್ರೈಲ್ ಗ್ಲೌಸ್ ವಾಸಿ, ಬಟ್ಟೆ ಗ್ಲೌಸಿನಲ್ಲಿ ನಾಣ್ಯ ಜಾರುತ್ತದೆ. ಇನ್ನೊಂದು ವಿಷಯ, ನಾಣ್ಯದ ಮೇಲೆ ಬಗ್ಗಿಕೊಂಡು ಮಾತಾಡಬೇಡಿ. ಉಗುಳಿನ ಸಣ್ಣ ಹನಿ ಬಿದ್ದ ಜಾಗದಲ್ಲಿ ಮುಂದೆ ಕಪ್ಪು ಚುಕ್ಕೆ ಮೂಡುತ್ತದೆ.

ಯಾವ ಯಾವ ಸಾಮಾನು ಬೇಕು?

ಜಾಸ್ತಿ ಏನೂ ಬೇಡ. 5 ಪಟ್ಟು ದೊಡ್ಡದು ಮಾಡಿ ತೋರಿಸುವ ಒಂದು ಲೂಪ್. ಅಚ್ಚಿನ ಬಿರುಕು, ನಕಲಿ ನೋಡುವುದಕ್ಕೆ 10 ಪಟ್ಟಿನದು ಇನ್ನೊಂದು. ಒಂದೇ ಬಲ್ಬಿನ ಮೇಜಿನ ದೀಪ. 0.01 ಗ್ರಾಂವರೆಗೆ ತೋರಿಸುವ ಪುಟ್ಟ ತಕ್ಕಡಿ. ಅಡ್ಡಳತೆ ನೋಡುವುದಕ್ಕೆ ಒಂದು ವರ್ನಿಯರ್ ಕ್ಯಾಲಿಪರ್, ಅದರ ಚೂಪು ತುದಿ ನಾಣ್ಯಕ್ಕೆ ಗೀರದಂತೆ ಹುಷಾರಾಗಿ ಬಳಸಿ. ಇವೆಲ್ಲ ಇರಲಿ, ಆದರೆ ನಿಜವಾಗಿ ಪಳಗಬೇಕಾದ್ದು ಕಣ್ಣು. ಒಂದೇ ಬಗೆಯ ನಾಣ್ಯವನ್ನು ಐವತ್ತು ಸಲ ನೋಡಿದವರಿಗೆ ಐವತ್ತೊಂದನೆಯದರ ದೋಷ ತಾನಾಗಿ ಕಣ್ಣಿಗೆ ಬೀಳುತ್ತದೆ.

ಹುಳಿ ಹಾಕಿ ಉಜ್ಜಿದರೆ ಪಳಪಳ ಅನ್ನುತ್ತೆ. ಯಾಕೆ ಬೇಡ ಅಂತೀರಿ?

ಎಲ್ಲರೂ ಕೇಳುವ ಪ್ರಶ್ನೆ ಇದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಟಂಕಸಾಲೆಯಲ್ಲಿ ಲೋಹದ ಬಿಲ್ಲೆಯ ಮೇಲೆ ಅಚ್ಚು ಭಾರಿ ಒತ್ತಡದಿಂದ ಬೀಳುತ್ತದೆ. ಆ ಕ್ಷಣಕ್ಕೆ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಹರಿದ ಗುರುತು ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳಾಗಿ ಮೇಲ್ಮೈಯಲ್ಲಿ ಉಳಿಯುತ್ತದೆ. ಹೊಸ ನಾಣ್ಯವನ್ನು ಒಂದೇ ದೀಪದ ಕೆಳಗೆ ಹಿಡಿದು ಮೆಲ್ಲಗೆ ತಿರುಗಿಸಿ ನೋಡಿ. ಗಾಡಿಯ ಚಕ್ರದ ಕಡ್ಡಿಗಳ ಹಾಗೆ ಬೆಳಕಿನ ಪಟ್ಟಿಗಳು ಸುತ್ತುತ್ತವೆ. ಆ ಸಣ್ಣ ಗೆರೆಗಳಿಂದಲೇ ಈ ಹೊಳಪು. ಟಂಕಸಾಲೆ ಅದನ್ನು ಒಂದೇ ಸಲ ಕೊಡುತ್ತದೆ.

ನಿಂಬೆಯಾಗಲಿ ವಿನೆಗರ್ ಆಗಲಿ, ಹುಳಿ ಅಂದರೆ ಆಮ್ಲ. ಅದು ಆ ಗೆರೆಗಳನ್ನು ಕರಗಿಸುತ್ತದೆ. ಟೂತ್‌ಪೇಸ್ಟ್, ಅಡುಗೆ ಸೋಡಾ, ಬೂದಿ ಇವೆಲ್ಲ ಉಜ್ಜಿ ಸವೆಸುವ ಪುಡಿಗಳು. ಅವು ಆ ಗೆರೆಗಳನ್ನು ಅಳಿಸಿ ತಮ್ಮದೇ ಗೀರುಗಳನ್ನು ಬಿಡುತ್ತವೆ. ಉಜ್ಜಿದ ಮೇಲೆ ಕಾಣುವ ಪಳಪಳ ಪಾತ್ರೆಯ ಹೊಳಪು, ನಾಣ್ಯದ್ದಲ್ಲ.

ನಾನು ಶಾಲೆಯಲ್ಲಿದ್ದಾಗ ಒಂದು ಬೆಳ್ಳಿ ನಾಣ್ಯವನ್ನು ಟೂತ್‌ಪೇಸ್ಟ್ ಹಾಕಿ ಉಜ್ಜಿದ್ದೆ. ಅದು ಈಗಲೂ ನನ್ನ ಹತ್ತಿರ ಇದೆ. ದೀಪದ ಕೆಳಗೆ ಹಿಡಿದರೆ ಕೆನ್ನೆಯಿಂದ ಕತ್ತಿನವರೆಗೆ ಒಂದೇ ದಿಕ್ಕಿಗೆ ಎಳೆದ ನೂರಾರು ಗೀರು ಕಾಣುತ್ತವೆ. ನನ್ನ ಬೆರಳು ಓಡಾಡಿದ ದಾರಿ ಅದು. ಅಕ್ಷರಗಳ ಸಂದಿಯಲ್ಲಿ ಮಾತ್ರ ಹಳೆಯ ಬೂದು ಬಣ್ಣ ಉಳಿದಿದೆ. ನಾಣ್ಯ ಪೂರ್ತಿ ಮೊದಲು ಹಾಗೇ ಇತ್ತು, ಮತ್ತು ಹಾಗೇ ಇದ್ದಿದ್ದರೆ ಚೆನ್ನಾಗಿತ್ತು.

## ಸ್ಥಿತಿ ನೋಡುವುದು

‘ಫೈನ್’ ಅಂದರೆ ಚೆನ್ನಾಗಿದೆ ಅಂತ ತಾನೆ?

ಅಲ್ಲ. ಹೊಸಬರು ಮೋಸ ಹೋಗುವುದು ಇಲ್ಲೇ. ಗ್ರೇಡಿಂಗ್, ಅಂದರೆ ನಾಣ್ಯದ ಸ್ಥಿತಿಗೆ ದರ್ಜೆ ಕೊಡುವವರ ಭಾಷೆಯಲ್ಲಿ ‘ಗುಡ್’ ಅಂದರೆ ಬಹಳ ಸವೆದದ್ದು, ಚಿತ್ರದ ಹೊರಗೆರೆ ಮಾತ್ರ ಉಳಿದಿರುತ್ತದೆ. ‘ಫೈನ್’ ಅಂದರೆ ಮಧ್ಯಮ ಸವೆತ, ಮುಖ್ಯ ವಿವರಗಳು ಕಾಣುತ್ತವೆ, ಸೂಕ್ಷ್ಮವಾದವು ಹೋಗಿರುತ್ತವೆ. ‘ವೆರಿ ಫೈನ್’ ಅದಕ್ಕಿಂತ ಮೇಲು, ಕೂದಲಿನ ಎಳೆಗಳು ಸುಮಾರಾಗಿ ಕಾಣುತ್ತವೆ. ‘ಎಕ್ಸ್‌ಟ್ರೀಮ್ಲಿ ಫೈನ್’ನಲ್ಲಿ ಉಬ್ಬಿದ ತುದಿಗಳಲ್ಲಿ ಮಾತ್ರ ಅಲ್ಪ ಸವೆತ. ‘ಅಬೌಟ್ ಅನ್‌ಸರ್ಕ್ಯುಲೇಟೆಡ್’ನಲ್ಲಿ ಸವೆತದ ಸುಳಿವಷ್ಟೇ. ಕೊನೆಯದು ಚಲಾವಣೆಯೇ ಕಾಣದ ‘ಅನ್‌ಸರ್ಕ್ಯುಲೇಟೆಡ್’. ಪಟ್ಟಿಯಲ್ಲಿ ‘ಗುಡ್’ ಅಂತ ಬರೆದಿರುವುದನ್ನು ನೋಡಿ ಕೊಳ್ಳುವ ಮುಂಚೆ ಇದನ್ನು ನೆನಪಿಟ್ಟುಕೊಳ್ಳಿ.

ಅಂಕ 70ಕ್ಕೆ ಯಾಕೆ ನಿಲ್ಲುತ್ತೆ? 100 ಯಾಕಲ್ಲ?

ಗ್ರೇಡಿನ ಹೆಸರಿನ ಜೊತೆ 1ರಿಂದ 70ರವರೆಗಿನ ಒಂದು ಅಂಕವನ್ನೂ ಕೊಡುತ್ತಾರೆ. ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ಈ ಅಳತೆ ತಂದರು. ಅವರ ಗಮನವಿದ್ದದ್ದು ಅಮೆರಿಕದ ಹಳೆಯ ದೊಡ್ಡ ತಾಮ್ರದ ಸೆಂಟ್‌ಗಳ ಮೇಲೆ. ಅತ್ಯಂತ ಸವೆದ ನಾಣ್ಯದ ಬೆಲೆ ಒಂದು ಅಂದುಕೊಂಡರೆ ಅತ್ಯುತ್ತಮ ಸ್ಥಿತಿಯದು ಸುಮಾರು ಅದರ 70 ಪಟ್ಟು ಅನ್ನುವ ಲೆಕ್ಕ. ಅಂದರೆ ಅದು ಶುರುವಾಗಿದ್ದು ಬೆಲೆಯ ಲೆಕ್ಕವಾಗಿ. ಆ ಬೆಲೆಯ ಸಂಬಂಧ ಬೇಗನೆ ಹಳತಾಯಿತು, ಅಂಕಗಳು ಮಾತ್ರ ಉಳಿದವು. 1970ರ ದಶಕದಲ್ಲಿ ಅಲ್ಲಿನ ನಾಣ್ಯಾಸಕ್ತರ ಸಂಘವಾದ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಅಸೋಸಿಯೇಷನ್ ಇದನ್ನು ಬೇರೆ ನಾಣ್ಯಗಳಿಗೂ ಒಗ್ಗಿಸಿತು.

ಸುಮಾರಾಗಿ ಹೇಳುವುದಾದರೆ ಗುಡ್ 4ರಿಂದ 6, ಫೈನ್ 12ರಿಂದ 15, ವೆರಿ ಫೈನ್ 20ರಿಂದ 35, ಎಕ್ಸ್‌ಟ್ರೀಮ್ಲಿ ಫೈನ್ 40ರಿಂದ 45, ಅಬೌಟ್ ಅನ್‌ಸರ್ಕ್ಯುಲೇಟೆಡ್ 50ರಿಂದ 58, ಅಲ್ಲಿಂದ ಮೇಲೆ 60ರಿಂದ 70 ಮಿಂಟ್ ಸ್ಟೇಟ್, ಅಂದರೆ ಅನ್‌ಸರ್ಕ್ಯುಲೇಟೆಡ್. ಒಂದು ವಿಚಿತ್ರ ಇದೆ. 58ರ ನಾಣ್ಯ 60ರದ್ದಕ್ಕಿಂತ ಎಷ್ಟೋ ಸಲ ಅಂದವಾಗಿರುತ್ತದೆ. 60 ಅಂದರೆ ಸವೆತ ಇಲ್ಲ ಅಂತ ಮಾತ್ರ. ಚೀಲದಲ್ಲಿ ಬೇರೆ ನಾಣ್ಯಗಳಿಗೆ ಬಡಿದು ಮೈತುಂಬ ಕಚ್ಚು ಬಿದ್ದಿರಬಹುದು. ನನಗೆ ಆಯ್ಕೆ ಕೊಟ್ಟರೆ ಒಳ್ಳೆಯ 58ನ್ನೇ ಇಟ್ಟುಕೊಳ್ಳುತ್ತೇನೆ.

ಕೂದಲು ಚಪ್ಪಟೆ ಕಾಣುತ್ತೆ. ಸವೆದಿದ್ದಾ, ಇಲ್ಲಾ ಅಚ್ಚೇ ಸರಿಯಾಗಿ ಬಿದ್ದಿಲ್ಲವಾ?

ಗ್ರೇಡಿಂಗ್ ಕಲಿಯುವುದು ಅಂದರೆ ಬಹುಪಾಲು ಈ ಪ್ರಶ್ನೆಗೆ ಉತ್ತರ ಹೇಳಲು ಕಲಿಯುವುದು.

ಕೋಣೆಯ ದೀಪ ಆರಿಸಿ. ಮೇಜಿನ ಒಂದೇ ದೀಪದ ಕೆಳಗೆ ನಾಣ್ಯ ಹಿಡಿದು ಓರೆ ಮಾಡಿ, ನಿಧಾನ ತಿರುಗಿಸಿ. ಅತಿ ಎತ್ತರದ ಜಾಗಗಳನ್ನೇ ನೋಡಿ: ಕಿವಿಯ ಮೇಲಿನ ಕೂದಲು, ಹುಬ್ಬು, ಕೆನ್ನೆ, ಭುಜ, ಹದ್ದಿನ ಚಿತ್ರವಾದರೆ ಎದೆ. ಸವೆತ ಶುರುವಾಗುವುದು ಅಲ್ಲಿಂದಲೇ. ಸವೆದಿದ್ದರೆ ಬೆಳಕಿನ ಪಟ್ಟಿ ಆ ಜಾಗಕ್ಕೆ ಬಂದಾಗ ತಟ್ಟನೆ ಮುರಿಯುತ್ತದೆ. ಅಲ್ಲಿ ಬಣ್ಣವೂ ಬೇರೆ ಇರುತ್ತದೆ, ಬೆಳ್ಳಿಯಲ್ಲಿ ಮಂಕು ಬೂದು, ತಾಮ್ರದಲ್ಲಿ ಗಾಢ ಕಂದು. ಅಚ್ಚು ಸರಿಯಾಗಿ ಬೀಳದಿದ್ದರೆ ಹಾಗಲ್ಲ. ವಿವರ ಇರುವುದಿಲ್ಲ ನಿಜ, ಆದರೆ ಹೊಳಪು ಆ ಚಪ್ಪಟೆ ಜಾಗದ ಮೇಲೂ ತಡೆಯಿಲ್ಲದೆ ಹರಿಯುತ್ತದೆ. ಕೆಲವೊಮ್ಮೆ ಬಿಲ್ಲೆಯ ಮೂಲ ತರಿತರಿ ಮೇಲ್ಮೈ ಅಲ್ಲಿ ಹಾಗೇ ಉಳಿದಿರುತ್ತದೆ, ಯಾಕೆಂದರೆ ಲೋಹ ಅಚ್ಚಿನ ಆಳದವರೆಗೆ ಹೋಗಲೇ ಇಲ್ಲ.

ಇನ್ನೊಂದು ಸುಳಿವು ನಾಣ್ಯದ ಆಚೆ ಬದಿಯಲ್ಲಿದೆ. ಅಚ್ಚು ದುರ್ಬಲವಾಗಿ ಬಿದ್ದ ಜಾಗದ ನೇರ ಹಿಂದೆಯೂ ಎಷ್ಟೋ ಸಲ ಅದೇ ದುರ್ಬಲತೆ ಇರುತ್ತದೆ, ಎರಡೂ ಕಡೆ ತುಂಬುವಷ್ಟು ಲೋಹ ಅಲ್ಲಿ ಸಿಕ್ಕಿರುವುದಿಲ್ಲ. ಸವೆತಕ್ಕೆ ಹಾಗೆ ಹಿಂದು-ಮುಂದು ಸಂಬಂಧ ಇರುವುದಿಲ್ಲ.

ಮುಖದ ಮೇಲೆ ಒಂದು ಗೆರೆ ಇದೆ. ಗೀರಾ, ಅಚ್ಚಿನ ಬಿರುಕಾ?

ಲೂಪ್ ಹಿಡಿದು ಗೆರೆ ಉಬ್ಬಿದೆಯೋ ತಗ್ಗಾಗಿದೆಯೋ ನೋಡಿ. ಉಬ್ಬಿದ್ದರೆ ಅದು ಅಚ್ಚಿನಿಂದಲೇ ಬಂದದ್ದು. ಅಚ್ಚು ಬಿರಿದಾಗ ಲೋಹ ಆ ಬಿರುಕಿಗೆ ನುಗ್ಗಿ ಉಬ್ಬುಗೆರೆಯಾಗುತ್ತದೆ. ಅದು ದೋಷವಲ್ಲ, ಕೆಲವರು ಅದನ್ನೇ ಹುಡುಕಿ ಕೂಡಿಡುತ್ತಾರೆ. ತಗ್ಗಾಗಿದ್ದರೆ ಸಾಮಾನ್ಯವಾಗಿ ಆಮೇಲೆ ಬಿದ್ದ ಗೀರು. ಇದಕ್ಕೊಂದು ಅಪವಾದ ಇದೆ. 18ನೇ ಶತಮಾನ ಮತ್ತು ಅದಕ್ಕೂ ಹಿಂದಿನ ಬೆಳ್ಳಿ, ಚಿನ್ನದ ನಾಣ್ಯಗಳಲ್ಲಿ ತೂಕ ಹೆಚ್ಚಾದ ಬಿಲ್ಲೆಯನ್ನು ಅರದಿಂದ ಉಜ್ಜಿ ಸರಿಮಾಡುತ್ತಿದ್ದರು. ಸಾಲುಸಾಲಾದ ಆ ತಗ್ಗುಗೆರೆಗಳು ಅಚ್ಚು ಬೀಳುವ ಮುಂಚಿನವು. ಉಬ್ಬಿದ ಚಿತ್ರದ ಮೇಲೆ ಅವು ಮಸುಕಾಗಿ, ಅಲ್ಲಲ್ಲಿ ಮುಚ್ಚಿಹೋಗಿದ್ದರೆ ಗೀರು ಅಂತ ತಳ್ಳಿಹಾಕಬೇಡಿ.

ಯಾರೋ ಮೊದಲೇ ಉಜ್ಜಿದ್ದಾರಾ ಅಂತ ಗೊತ್ತಾಗೋದು ಹೇಗೆ?

ಮೂರು ಜಾಗ ನೋಡಿ. ಬಯಲಿನಲ್ಲಿ, ಅಂದರೆ ಚಿತ್ರ, ಅಕ್ಷರ ಇಲ್ಲದ ಖಾಲಿ ಜಾಗದಲ್ಲಿ, ಒಂದೇ ದಿಕ್ಕಿಗೆ ಓಡುವ ಕೂದಲೆಳೆಯಂಥ ಗೀರುಗಳು. ಅಕ್ಷರ, ಅಂಕಿಗಳ ಬುಡದಲ್ಲಿ ಉಳಿದ ಕಪ್ಪು, ಉಜ್ಜುವ ಕೈ ಅಲ್ಲಿಗೆ ಹೋಗಿರುವುದಿಲ್ಲ. ಮತ್ತೆ ಒಟ್ಟಾರೆ ಬಣ್ಣ. ನೂರು ವರ್ಷ ಚಲಾವಣೆಯಲ್ಲಿದ್ದು ಚೆನ್ನಾಗಿ ಸವೆದ ತಾಮ್ರದ ನಾಣ್ಯ ನಸುಗೆಂಪಾಗಿ ಹೊಳೆಯುತ್ತಿದ್ದರೆ ಅದು ಸಹಜವಲ್ಲ. ಸವೆತಕ್ಕೂ ಬಣ್ಣಕ್ಕೂ ತಾಳೆಯಾಗಬೇಕು.

ಪ್ರೂಫ್ ಅಂದರೆ ಎಲ್ಲಕ್ಕಿಂತ ಮೇಲಿನ ಗ್ರೇಡಾ?

ಅದು ಗ್ರೇಡ್ ಅಲ್ಲ, ತಯಾರಿಸುವ ವಿಧಾನ. ಪಾಲಿಶ್ ಮಾಡಿದ ಅಚ್ಚು, ವಿಶೇಷವಾಗಿ ಸಿದ್ಧ ಮಾಡಿದ ಬಿಲ್ಲೆ, ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಏಟು. ಜೇಬಿನಲ್ಲಿಟ್ಟು ಓಡಾಡಿದ ಪ್ರೂಫ್ ನಾಣ್ಯವೂ ಸವೆಯುತ್ತದೆ, ಆಗಲೂ ಅದು ಪ್ರೂಫೇ.

ಕಾಮನಬಿಲ್ಲಿನ ಬಣ್ಣ ಬಂದಿರೋ ಬೆಳ್ಳಿ ನಾಣ್ಯಕ್ಕೆ ಜಾಸ್ತಿ ಬೆಲೆ ಅಂತಾರೆ. ಆ ಬಣ್ಣ ಅಸಲಿಯಾ?

ಅಸಲಿ ಇರಬಹುದು, ಮಾಡಿಸಿದ್ದೂ ಇರಬಹುದು. ಬೆಳ್ಳಿ ಗಾಳಿಯಲ್ಲಿನ ಗಂಧಕದ ಜೊತೆ ಸೇರಿ ಸಿಲ್ವರ್ ಸಲ್ಫೈಡ್ ಪೊರೆ ಕಟ್ಟುತ್ತದೆ. ಪೊರೆ ತೆಳ್ಳಗಿರುವಾಗ ಬೆಳಕು ಅದರ ಮೇಲಿನಿಂದಲೂ ಕೆಳಗಿನಿಂದಲೂ ತಿರುಗಿ ಬಂದು ಬೆರೆತು ಬಣ್ಣವಾಗುತ್ತದೆ, ಸೋಪಿನ ಗುಳ್ಳೆಯ ಹಾಗೆ. ಮೊದಲು ಹೊಂಬಣ್ಣ, ಆಮೇಲೆ ಕೆಂಪು-ನೇರಳೆ, ಆಮೇಲೆ ನೀಲಿ. ತುಂಬ ದಪ್ಪವಾದರೆ ಕಪ್ಪು. ನಿಧಾನವಾಗಿ ಬಂದದ್ದರಲ್ಲಿ ಒಂದು ಬಣ್ಣ ಇನ್ನೊಂದಕ್ಕೆ ಈ ಸಾಲಿನಲ್ಲೇ ಮೆಲ್ಲಗೆ ಜಾರುತ್ತದೆ, ಕೆಳಗೆ ಹೊಳಪು ಜೀವಂತ ಇರುತ್ತದೆ. ರಾಸಾಯನಿಕ ಅಥವಾ ಬಿಸಿಯಿಂದ ಮಾಡಿಸಿದ್ದರಲ್ಲಿ ಬಣ್ಣ ಮೇಲೆ ಬಳಿದ ಹಾಗೆ, ಗೀರುಗಳ ಒಳಗೂ ಅದೇ ಬಣ್ಣ. ಉಜ್ಜಿದ ಗೀರಿನ ಮೇಲೆ ಢಾಳಾದ ನೀಲಿ ಕಂಡರೆ ನಾನಂತೂ ದೂರ ನಿಲ್ಲುತ್ತೇನೆ.

ನಕಲಿ ಅಲ್ಲ ಅಂತ ಮನೆಯಲ್ಲೇ ನೋಡಬಹುದಾ?

ಪೂರ್ತಿ ಅಲ್ಲದಿದ್ದರೂ ಬಹಳಷ್ಟನ್ನು ಹಿಡಿಯಬಹುದು. ಮೊದಲು ತೂಕ. ಬ್ರಿಟಿಷ್ ಇಂಡಿಯಾದ ಬೆಳ್ಳಿ ರೂಪಾಯಿ 11.66 ಗ್ರಾಂ, ಅಮೆರಿಕದ ಮಾರ್ಗನ್ ಡಾಲರ್ 26.73 ಗ್ರಾಂ, ಆಸ್ಟ್ರಿಯಾದ ಬೆಳ್ಳಿ ನಾಣ್ಯ ಮರಿಯಾ ತೆರೇಸಾ ತಾಲರ್ ಸುಮಾರು 28.07 ಗ್ರಾಂ. ಸವೆದಷ್ಟೂ ಸ್ವಲ್ಪ ಕಡಿಮೆಯಾಗುತ್ತದೆ. ಜಾಸ್ತಿ ಬಂದರೆ, ಇಲ್ಲವೇ ಹೊಸತರ ಹಾಗಿದ್ದೂ ತೂಕ ಕಡಿಮೆ ಬಂದರೆ, ಅನುಮಾನ ಪಡಿ. ತಾಲರ್ ವಿಷಯದಲ್ಲಿ ಇನ್ನೊಂದು: ಅದರ ಮೇಲಿನ 1780 ನೋಡಿ ಹಿಗ್ಗಬೇಡಿ. ಆ ವರ್ಷದ್ದೇ ಅಚ್ಚನ್ನು ಆಮೇಲೆ 20ನೇ ಶತಮಾನದವರೆಗೂ ಹಲವು ಟಂಕಸಾಲೆಗಳು ಹೊಡೆದಿವೆ. ಅವು ನಕಲಿ ಅಲ್ಲ, ಆದರೆ 1780ರವೂ ಅಲ್ಲ.

ಆಮೇಲೆ ಅಯಸ್ಕಾಂತ. ಚಿನ್ನ, ಬೆಳ್ಳಿ, ತಾಮ್ರ ಅಂಟಬಾರದು. ಅಂಟದಿದ್ದ ಮಾತ್ರಕ್ಕೆ ಅಸಲಿ ಅನ್ನುವಂತಿಲ್ಲ, ಹಿತ್ತಾಳೆ, ಸೀಸ ಕೂಡ ಅಂಟುವುದಿಲ್ಲ. ಸಾಂದ್ರತೆ ಇನ್ನೂ ಒಳ್ಳೆಯ ಪರೀಕ್ಷೆ. ಘನ ಸೆಂಟಿಮೀಟರಿಗೆ ಗ್ರಾಂ ಲೆಕ್ಕದಲ್ಲಿ ಶುದ್ಧ ಬೆಳ್ಳಿಯದು 10.49, ತಾಮ್ರದ್ದು 8.96, ಚಿನ್ನದ್ದು 19.3. ನಾಣ್ಯವನ್ನು ದಾರದಲ್ಲಿ ಇಳಿಬಿಟ್ಟು ನೀರಿನೊಳಗೆ ತೂಗಿ ಇದನ್ನು ಲೆಕ್ಕ ಹಾಕಬಹುದು. ಕೊನೆಗೆ 10 ಪಟ್ಟಿನ ಲೂಪ್: ಎರಕ ಹೊಯ್ದದ್ದರಲ್ಲಿ ಬಯಲಿನಲ್ಲಿ ಸೂಜಿಮೊನೆಯಂಥ ಗುಳಿ, ಅಂಚಿನ ಸುತ್ತ ಬೆಸುಗೆಯ ಗೆರೆ, ಮೊಂಡಾದ ಅಕ್ಷರ. ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳುವ ಪದ್ಧತಿ ದಯವಿಟ್ಟು ಬೇಡ, ಅಂಚು ನಜ್ಜಾಗುತ್ತದೆ.

ಗ್ರೇಡಿಂಗ್ ಕಂಪನಿಗೆ ಕಳಿಸಬೇಕಾ?

ಎಲ್ಲ ನಾಣ್ಯಕ್ಕೂ ಬೇಡ. ಅಮೆರಿಕದ ಎರಡು ಗ್ರೇಡಿಂಗ್ ಕಂಪನಿಗಳಲ್ಲಿ ಪಿಸಿಜಿಎಸ್ 1986ರಲ್ಲಿ, ಎನ್‌ಜಿಸಿ 1987ರಲ್ಲಿ ಶುರುವಾದವು. ಇವು ನಾಣ್ಯ ಪರೀಕ್ಷಿಸಿ, ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಕೊಡುತ್ತವೆ. ನಾಣ್ಯ ದುಬಾರಿಯಾಗಿದ್ದು, ನಕಲಿ ಹೆಚ್ಚಾಗಿ ಓಡಾಡುವ ಬಗೆಯದಾಗಿದ್ದರೆ ಕಳಿಸುವುದರಲ್ಲಿ ಅರ್ಥ ಇದೆ. ಉಜ್ಜಿದ ನಾಣ್ಯಕ್ಕೆ ಅಂಕದ ಬದಲು ‘ಡೀಟೇಲ್ಸ್’ ಅಂತ ಬರೆದು ಕಾರಣ ನಮೂದಿಸುತ್ತಾರೆ. ಕಳಿಸುವ ಮುಂಚೆ ನೀವೇ ಒಂದು ಅಂಕ ಊಹಿಸಿ ಬರೆದಿಡಿ. ಆಮೇಲೆ ಹೋಲಿಸಿ ನೋಡಿದರೆ ಒಳ್ಳೆಯ ಪಾಠವಾಗುತ್ತದೆ.

## ಫೋಟೋ

ಫೋನಿನಲ್ಲಿ ತೆಗೆದರೆ ಸಾಕಾ, ಕ್ಯಾಮೆರಾನೇ ಬೇಕಾ?

ಫೋನ್ ಸಾಕು, ಕೈಯಲ್ಲಿ ಹಿಡಿಯದಿದ್ದರೆ. ಎರಡು ಕಡೆ ಪುಸ್ತಕ ಪೇರಿಸಿ, ಮೇಲೆ ಅಡ್ಡಕ್ಕೆ ಫೋನ್ ಇಡಿ, ಲೆನ್ಸ್ ಮಾತ್ರ ಸಂದಿಯಲ್ಲಿ ಕೆಳಗೆ ನೋಡಲಿ. ತೀರಾ ಹತ್ತಿರ ತರಬೇಡಿ. ಹತ್ತಿರ ತಂದರೆ ಫೋನಿನ ನೆರಳೇ ನಾಣ್ಯದ ಮೇಲೆ ಬೀಳುತ್ತದೆ, ದುಂಡಗಿನದು ಸೊಟ್ಟಗೂ ಕಾಣಬಹುದು. ಸ್ವಲ್ಪ ಮೇಲಿಟ್ಟು 2 ಪಟ್ಟಿನ ಲೆನ್ಸ್ ಬಳಸಿ. ಪರದೆಯ ಮೇಲೆ ನಾಣ್ಯವನ್ನು ಒತ್ತಿ ಹಿಡಿದು ಫೋಕಸ್ ಕಟ್ಟಿಹಾಕಿ, ಬೆಳಕಿನ ಮಟ್ಟ ಸ್ವಲ್ಪ ಇಳಿಸಿ, 2 ಸೆಕೆಂಡ್ ಟೈಮರ್ ಇಡಿ.

ಫೋಟೋದಲ್ಲಿ ರಾಜನ ಮುಖ ಉಬ್ಬಿರೋ ಬದಲು ಒಳಗೆ ತಗ್ಗಾದ ಹಾಗೆ ಕಾಣುತ್ತೆ. ಯಾಕೆ?

ಬೆಳಕು ಕೆಳಗಿನಿಂದ ಬಂದಿದೆ. ಬೆಳಕು ಯಾವಾಗಲೂ ಮೇಲಿನಿಂದ ಬರುತ್ತದೆ ಅಂತಲೇ ನಮ್ಮ ಮಿದುಳು ಲೆಕ್ಕ ಹಾಕುತ್ತದೆ. ಮೂಗಿನ ಮೇಲ್ಭಾಗದಲ್ಲಿ ನೆರಳು ಕಂಡರೆ ಅದನ್ನು ಗುಂಡಿ ಅಂದುಕೊಳ್ಳುತ್ತದೆ. ಅದೇ ಫೋಟೋವನ್ನು ತಲೆಕೆಳಗು ಮಾಡಿ ನೋಡಿ, ಮುಖ ಟಕ್ ಅಂತ ಉಬ್ಬಿಬರುತ್ತದೆ. ದೀಪ ನಾಣ್ಯದ ತಲೆಯ ಕಡೆ ಇರಲಿ.

ದೀಪ ಎಲ್ಲಿಡಬೇಕು? ಎಷ್ಟು ದೀಪ?

ನಾಣ್ಯವನ್ನು ಗಡಿಯಾರ ಅಂದುಕೊಳ್ಳಿ. ಒಂದೇ ದೀಪವಾದರೆ 12ರ ಜಾಗದಲ್ಲಿ. ಎರಡಾದರೆ 10 ಮತ್ತು 2ರ ಜಾಗದಲ್ಲಿ. ಎರಡನ್ನೂ ಸಾಧ್ಯವಾದಷ್ಟು ಎತ್ತರದಲ್ಲಿ, ಲೆನ್ಸಿನ ಹತ್ತಿರಕ್ಕೆ ತನ್ನಿ. ದೀಪ ತಗ್ಗಿದಷ್ಟೂ ನೆರಳು ಉದ್ದವಾಗಿ ಪ್ರತಿ ಗೀರೂ ಹಳ್ಳದ ಹಾಗೆ ಕಾಣುತ್ತದೆ. ಸವೆದ ನಾಣ್ಯದ ಅಕ್ಷರ ಓದಬೇಕಾದಾಗ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ.

ದೀಪದ ಮುಂದೆ ಬಿಳಿ ಕಾಗದ ಕಟ್ಟಿ ಬೆಳಕನ್ನು ಮೆತ್ತಗೆ ಮಾಡಬೇಕಾ ಅನ್ನುವುದು ನಾಣ್ಯದ ಮೇಲೆ ನಿಂತಿದೆ. ಸವೆದ, ಮಂಕಾದ ನಾಣ್ಯಕ್ಕೆ ಮೆತ್ತನೆಯ ಬೆಳಕು ಸರಿ. ಹೊಳಪುಳ್ಳ ಹೊಸ ನಾಣ್ಯಕ್ಕೆ ಅದು ಬೇಡ, ಸುತ್ತುವ ಬೆಳಕಿನ ಪಟ್ಟಿಯೇ ಮಾಯವಾಗಿ ನಾಣ್ಯ ಸೀಮೆಸುಣ್ಣದ ಹಾಗೆ ಆಗುತ್ತದೆ. ದೀಪವನ್ನು ಬೆರಳಗಲ ಸರಿಸುತ್ತಾ ಪರದೆ ನೋಡುತ್ತಿರಿ. ಒಂದು ಜಾಗದಲ್ಲಿ ನಾಣ್ಯ ಕೈಯಲ್ಲಿ ಹಿಡಿದಾಗ ಕಂಡ ಹಾಗೇ ಕಾಣುತ್ತದೆ. ಅಲ್ಲಿಗೆ ನಿಲ್ಲಿಸಿ.

ಕ್ಯಾಮೆರಾ ಇದೆ, ಮ್ಯಾಕ್ರೋ ಲೆನ್ಸೂ ಇದೆ. ಆದರೂ ಒಂದು ಅಂಚು ಮಸುಕು ಬರುತ್ತೆ.

ಕ್ಯಾಮೆರಾ ನಾಣ್ಯಕ್ಕೆ ಸಮಾನಾಂತರವಾಗಿಲ್ಲ. ನಾಣ್ಯದ ಜಾಗದಲ್ಲಿ ಒಂದು ಚಪ್ಪಟೆ ಕನ್ನಡಿ ಇಟ್ಟು ಕ್ಯಾಮೆರಾದೊಳಗಿಂದ ನೋಡಿ. ಲೆನ್ಸಿನ ಪ್ರತಿಬಿಂಬ ಚೌಕಟ್ಟಿನ ಸರಿಯಾಗಿ ನಡುವೆ ಬಂದರೆ ನೆಟ್ಟಗಿದೆ ಅಂತ ಅರ್ಥ. ಪಕ್ಕಕ್ಕೆ ಬಂದರೆ ಕ್ಯಾಮೆರಾ ಅಷ್ಟು ಓರೆಯಾಗಿದೆ. ಐಎಸ್‌ಒ 100, ಅಪರ್ಚರ್ ಎಫ್ 5.6ರಿಂದ 8ರೊಳಗೆ. ಇಷ್ಟು ಹತ್ತಿರದಲ್ಲಿ ಎಫ್ 16, 22ಕ್ಕೆ ಹೋದರೆ ಬೆಳಕು ಬಾಗಿ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಬಿಳಿ ಬಣ್ಣದ ಹೊಂದಾಣಿಕೆಯನ್ನು ಬೂದು ಕಾರ್ಡ್ ಇಟ್ಟು ಕೈಯಿಂದಲೇ ಮಾಡಿ. ಬೆಳ್ಳಿ, ತಾಮ್ರ ಎರಡೂ ಕ್ಯಾಮೆರಾದ ಸ್ವಂತ ಲೆಕ್ಕವನ್ನು ದಾರಿ ತಪ್ಪಿಸುತ್ತವೆ.

ಪ್ರೂಫ್ ನಾಣ್ಯದಲ್ಲಿ ಬಯಲೆಲ್ಲ ಕಪ್ಪು ಬರುತ್ತೆ, ಇಲ್ಲಾ ಕ್ಯಾಮೆರಾನೇ ಕಾಣುತ್ತೆ. ಏನು ಮಾಡ್ಲಿ?

ಅದು ಕನ್ನಡಿ ಇದ್ದ ಹಾಗೆ, ಎದುರಿಗಿದ್ದದ್ದನ್ನು ತೋರಿಸುತ್ತದೆ. ಲೆನ್ಸಿಗೂ ನಾಣ್ಯಕ್ಕೂ ನಡುವೆ ತೆಳುವಾದ ಸ್ವಚ್ಛ ಗಾಜನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿ. ದೀಪವನ್ನು ಪಕ್ಕದಿಂದ ಗಾಜಿನ ಮೇಲೆ ಬಿಡಿ. ಗಾಜು ಸ್ವಲ್ಪ ಬೆಳಕನ್ನು ನೇರ ಕೆಳಗೆ ನಾಣ್ಯಕ್ಕೆ ತಿರುಗಿಸುತ್ತದೆ, ನಾಣ್ಯದಿಂದ ವಾಪಸ್ ಬಂದ ಬೆಳಕು ಗಾಜಿನ ಮೂಲಕವೇ ಲೆನ್ಸಿಗೆ ಹೋಗುತ್ತದೆ. ಬಯಲು ಬೆಳಗುತ್ತದೆ, ಟೋನಿಂಗ್, ಅಂದರೆ ಪೊರೆ ಕಟ್ಟಿ ಬಂದ ಬಣ್ಣವೂ ಚೆನ್ನಾಗಿ ಬರುತ್ತದೆ. ದೀಪದಿಂದ ನೇರವಾಗಿ ನಾಣ್ಯಕ್ಕೆ ಬೆಳಕು ಬೀಳದ ಹಾಗೆ ನಡುವೆ ಒಂದು ಕಪ್ಪು ರಟ್ಟು ಅಡ್ಡ ಇಡಿ.

ಸ್ಕ್ಯಾನರ್‌ನಲ್ಲಿ ಮಾಡಿದರೆ?

ಗುರುತಿಗೆ ಆಗುತ್ತದೆ. ಹೊಳಪು ಬರುವುದಿಲ್ಲ, ಸ್ಥಿತಿ ತೋರಿಸಲು ಬೇಡ.

ಫೋಟೋ ನೋಡಿ ಗ್ರೇಡ್ ಹೇಳ್ತೀರಾ?

ಸವೆದ ನಾಣ್ಯವಾದರೆ ಹತ್ತಿರಹತ್ತಿರ ಹೇಳಬಹುದು. ಹೊಸ ನಾಣ್ಯಕ್ಕೆ ಕಷ್ಟ. ಒಂದು ಬೆಳಕಿನಲ್ಲಿ ಕಂಡ ಕೂದಲೆಳೆ ಗೀರು ಇನ್ನೊಂದರಲ್ಲಿ ಅಡಗಿಬಿಡುತ್ತದೆ. ಕಳಿಸುವಾಗ ಎರಡೂ ಬದಿ, ಅಂಚು, ಮತ್ತು ದೀಪದ ಕೆಳಗೆ ನಾಣ್ಯ ತಿರುಗಿಸುವ ಹತ್ತು ಸೆಕೆಂಡಿನ ವಿಡಿಯೋ ಸೇರಿಸಿ. ಬಣ್ಣ ತಿದ್ದುವುದಾದರೆ ನಾಣ್ಯವನ್ನು ಪಕ್ಕದಲ್ಲಿಟ್ಟುಕೊಂಡು ಅದರ ಬಣ್ಣಕ್ಕೆ ತಾಳೆ ಮಾಡಲು ಮಾತ್ರ ತಿದ್ದಿ. ಗೀರು ಅಳಿಸಿದ, ಬಣ್ಣ ಏರಿಸಿದ ಫೋಟೋ ಇಟ್ಟು ಮಾರುವುದು ಕೊಳ್ಳುವವರಿಗೆ ಮಾಡುವ ಮೋಸ.

## ತೊಳೆಯಲೇಬೇಕಾದಾಗ

ಹಾಗಾದರೆ ಯಾವುದರಿಂದ ತೊಳೆದರೆ ತೊಂದರೆ ಇಲ್ಲ?

ಲೋಹವನ್ನು ಮುಟ್ಟದೆ ಮೇಲಿನ ಕೊಳೆಯನ್ನು ಮಾತ್ರ ಕರಗಿಸುವಂಥದ್ದರಿಂದ. ಎರಡೇ ಹೆಸರು ನೆನಪಿಟ್ಟುಕೊಳ್ಳಿ: ಡಿಸ್ಟಿಲ್ಡ್ ವಾಟರ್, ಶುದ್ಧ ಅಸಿಟೋನ್.

ಮಣ್ಣು, ಉಪ್ಪಿನಂಥ ಕೊಳೆಗೆ ಡಿಸ್ಟಿಲ್ಡ್ ವಾಟರ್. ನಲ್ಲಿ ನೀರಿನಲ್ಲಿ ಕ್ಲೋರಿನ್, ಲವಣ ಇರುತ್ತವೆ, ಅದು ಬೇಡ. ಗಾಜಿನ ಬಟ್ಟಲಿನಲ್ಲಿ ನೆನೆಹಾಕಿ, ನೀರು ಬದಲಿಸುತ್ತಾ ಕಾಯಿರಿ. ಜಿಡ್ಡು, ಟೇಪಿನ ಅಂಟು, ಪ್ಲಾಸ್ಟಿಕ್‌ನ ಲೇಪಕ್ಕೆ ಅಸಿಟೋನ್. ಅದು ಶುದ್ಧವಾದದ್ದೇ ಆಗಬೇಕು. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಎಣ್ಣೆ, ಸುವಾಸನೆ ಬೆರೆತಿರುತ್ತವೆ. ಎರಡು ಗಾಜಿನ ಬಟ್ಟಲು ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ಕೆಲವು ನಿಮಿಷ ನೆನೆಸಿ, ಎರಡನೆಯದರಲ್ಲಿ ಹೊಸ ಅಸಿಟೋನ್‌ನಿಂದ ಜಾಲಿಸಿ. ಒರೆಸಬೇಡಿ. ಓರೆಯಾಗಿ ನಿಲ್ಲಿಸಿದರೆ ಅರೆ ನಿಮಿಷದಲ್ಲಿ ತಾನೇ ಆರುತ್ತದೆ. ಅಸಿಟೋನ್ ಬೆಂಕಿಗೆ ಭಗ್ ಅಂತ ಹತ್ತಿಕೊಳ್ಳುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಒಲೆ, ದೀಪ, ಸಿಗರೇಟು ಯಾವುದೂ ಇರಬಾರದು. ನೀರಿನಲ್ಲಿ ನೆನೆಸಿದ ನಾಣ್ಯವನ್ನೂ ಒತ್ತಿ ಒರೆಸಬೇಡಿ, ಮೆತ್ತನೆ ಬಟ್ಟೆಯ ಮೇಲಿಟ್ಟು ಮೇಲಿಂದ ತಟ್ಟಿ ನೀರು ಹೀರಿಸಿ.

ಆಲ್ಬಮ್‌ನಲ್ಲಿಟ್ಟಿದ್ದ ನಾಣ್ಯದ ಮೇಲೆ ಅಂಟಂಟು ಹಸಿರು ಬಂದಿದೆ.

ಅದು ಪಿವಿಸಿ ಆಲ್ಬಮ್‌ನ ಕೆಲಸ. ಆ ಮೃದು ಪ್ಲಾಸ್ಟಿಕ್ ಹಳತಾದ ಹಾಗೆ ಆಮ್ಲ ಬಿಡುತ್ತದೆ. ಅಸಿಟೋನ್‌ನಲ್ಲಿ ನೆನೆಸಿದರೆ ಲೇಪ ಹೋಗುತ್ತದೆ. ಕೆಳಗಿನ ಲೋಹ ಕೊರೆದಿದ್ದರೆ ಆ ಗುಳಿ ಉಳಿಯುತ್ತದೆ. ಅದೇ ಆಲ್ಬಮ್‌ಗೆ ಮತ್ತೆ ಹಾಕಬೇಡಿ.

ತಾಮ್ರದ ನಾಣ್ಯದಲ್ಲಿ ಹಸಿರು ಇದೆ. ಕಿಲುಬಾ, ಬೇರೆ ಏನಾದರೂ ರೋಗವಾ?

ಗಟ್ಟಿಯಾಗಿ, ನುಣುಪಾಗಿ, ಒಂದೇ ಸಮನೆ ಹರಡಿದ ಗಾಢ ಹಸಿರಾದರೆ ಅದು ಸ್ಥಿರವಾದ ಪಾಟಿನಾ, ಅಂದರೆ ಕಾಲ ಕಳೆದ ಹಾಗೆ ಲೋಹದ ಮೇಲೆ ಕಟ್ಟಿದ ಪೊರೆ. ಪುರಾತನ ನಾಣ್ಯದಲ್ಲಿ ಅದೇ ಅಂದ, ಅದೇ ರಕ್ಷಣೆ. ಮುಟ್ಟಬೇಡಿ. ತಿಳಿಹಸಿರು ಪುಡಿಯಾಗಿದ್ದು, ಹಲ್ಲುಕಡ್ಡಿಯಿಂದ ಮುಟ್ಟಿದರೆ ಉದುರಿ, ಕೆಳಗೆ ಗುಳಿ ಕಂಡು, ಕೆಲವು ದಿನದಲ್ಲಿ ಮತ್ತೆ ಬಂದರೆ ಅದು ಬ್ರಾಂಜ್ ಡಿಸೀಸ್. ಲೋಹದೊಳಗಿನ ಕ್ಲೋರೈಡ್‌ಗೆ ತೇವ, ಗಾಳಿ ಸಿಕ್ಕಾಗ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟುತ್ತದೆ. ಅದು ಇನ್ನಷ್ಟು ತಾಮ್ರ ತಿನ್ನುತ್ತದೆ, ಮತ್ತೆ ಆಮ್ಲ ಹುಟ್ಟುತ್ತದೆ. ತಾನಾಗಿ ನಿಲ್ಲುವುದಿಲ್ಲ.

ಇಲ್ಲಿ ಮಾತ್ರ ಸುಮ್ನೆ ಬಿಡಬೇಡಿ. ಆ ನಾಣ್ಯವನ್ನು ಕೂಡಲೇ ಬೇರೆ ಮಾಡಿ, ತೇವ ಹೀರುವ ಸಿಲಿಕಾ ಜೆಲ್ ಜೊತೆ ಮುಚ್ಚಿದ ಡಬ್ಬಿಯಲ್ಲಿಡಿ. ತೇವ ಇಲ್ಲದಿದ್ದರೆ ರೋಗ ಮಲಗುತ್ತದೆ. ಡಿಸ್ಟಿಲ್ಡ್ ವಾಟರ್‌ನಲ್ಲಿ ವಾರಗಟ್ಟಲೆ ನೀರು ಬದಲಿಸುತ್ತಾ ನೆನೆಸಿ ಕ್ಲೋರೈಡ್ ಇಳಿಸುವುದು ಒಂದು ದಾರಿ. ಸೋಡಿಯಂ ಸೆಸ್ಕ್ವಿಕಾರ್ಬೊನೇಟ್, ಬೆಂಜೋಟ್ರಯಜೋಲ್ ಬಳಸುವ ವಿಧಾನಗಳೂ ಇವೆ. ಬೆಂಜೋಟ್ರಯಜೋಲ್ ಮೈಗೆ ಒಳ್ಳೆಯದಲ್ಲ, ಅದನ್ನು ಸಂರಕ್ಷಣೆ ಕಲಿತವರಿಗೆ ಬಿಡಿ.

ಡಿಪ್ ದ್ರವದಲ್ಲಿ ಅದ್ದಿ ತೆಗೆದರೆ ಉಜ್ಜೋದೇ ಬೇಡ ಅಂತಾರಲ್ಲ?

ಬೆಳ್ಳಿಯ ಕಪ್ಪು ತೆಗೆಯುವ ಈ ಡಿಪ್‌ನಲ್ಲಿ ಸಾಮಾನ್ಯವಾಗಿ ಆಮ್ಲ ಮತ್ತು ಥಯೋಯೂರಿಯಾ ಇರುತ್ತವೆ. ಉಜ್ಜುವುದಿಲ್ಲ ನಿಜ, ಆದರೆ ಕಪ್ಪಾಗಿರುವುದೂ ಅದೇ ನಾಣ್ಯದ ಬೆಳ್ಳಿಯೇ ತಾನೆ? ಕಪ್ಪು ಹೋಯಿತು ಅಂದರೆ ಅಷ್ಟು ಬೆಳ್ಳಿ ಹೋಯಿತು ಅಂತ. ಒಂದು ಸಲಕ್ಕೆ ಹೊಳಪು ತಡೆಯಬಹುದು. ಮತ್ತೆ ಮತ್ತೆ ಅದ್ದಿದರೆ ಹರಿವಿನ ಗೆರೆಗಳೇ ಕರಗಿ ನಾಣ್ಯ ನಿರ್ಜೀವ ಬಿಳಿಯಾಗುತ್ತದೆ. ತಾಮ್ರಕ್ಕಂತೂ ಬೇಡವೇ ಬೇಡ.

ಮಣ್ಣಿನಿಂದ ಬಂದ ಎರಡು ಸಾವಿರ ವರ್ಷದ ನಾಣ್ಯಕ್ಕೂ ಇದೇ ನಿಯಮವಾ?

ಇಲ್ಲ. ಇವತ್ತು ಕಾಣುವ ಪುರಾತನ ನಾಣ್ಯಗಳಲ್ಲಿ ಬಹುಪಾಲು ಒಮ್ಮೆಯಾದರೂ ಶುಚಿ ಮಾಡಿಸಿಕೊಂಡವೇ. ಅಲ್ಲಿ ‘ತೊಳೆದಿದೆ’ ಅನ್ನುವುದು ದೂರಲ್ಲ. ನೋಡುವ ಅಂಶಗಳೂ ಬೇರೆ: ಚಿತ್ರ ಬಿಲ್ಲೆಯ ನಡುವೆ ಬಿದ್ದಿದೆಯಾ, ಅಚ್ಚಿನ ಕೆತ್ತನೆ ಹೇಗಿದೆ, ಮೇಲ್ಮೈ ಹೇಗಿದೆ. ದೂರಬೇಕಾದದ್ದು ಚೂಪು ಉಪಕರಣದಿಂದ ಕೂದಲು, ಬಟ್ಟೆಯ ಮಡಿಕೆಗಳನ್ನು ಹೊಸದಾಗಿ ಕೊರೆದಿರುವುದನ್ನು. ಬಯಲನ್ನು ಕೆರೆದು ನಯ ಮಾಡಿರುವುದೂ ಅಷ್ಟೇ ಕೆಟ್ಟದ್ದು.

ಈಗಾಗಲೇ ಉಜ್ಜಿಬಿಟ್ಟಿದ್ದೀನಿ. ಸರಿ ಮಾಡಬಹುದಾ?

ಗೀರು ವಾಪಸ್ ಹೋಗುವುದಿಲ್ಲ. ಅದನ್ನು ಮುಚ್ಚಲು ಇನ್ನೊಂದು ರಾಸಾಯನಿಕ ಹಚ್ಚಬೇಡಿ. ಅಸಿಟೋನ್‌ನಲ್ಲಿ ಜಾಲಿಸಿ, ಒಣಗಿಸಿ, ಸುಮ್ನೆ ಇಟ್ಟುಬಿಡಿ. ವರ್ಷಗಳು ಕಳೆದ ಹಾಗೆ ಬೆಳ್ಳಿ ಮತ್ತೆ ಬೂದಾಗಿ ಕಣ್ಣಿಗೆ ಹಿತವಾಗುತ್ತದೆ. ಮಾರುವಾಗ ಉಜ್ಜಿದ ವಿಷಯ ಹೇಳಿ.

ಎಲ್ಲ ಆದ ಮೇಲೆ ಯಾವುದರಲ್ಲಿ ಇಡೋದು?

ಗಟ್ಟಿ ಕ್ಯಾಪ್ಸೂಲ್, ಇಲ್ಲವೇ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಕವರ್. ರಟ್ಟಿನ ಚೌಕಟ್ಟು ಬಳಸಿದರೆ ಸ್ಟೇಪಲ್ ಪಿನ್ನುಗಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ, ಮಾಡದಿದ್ದರೆ ಪಕ್ಕದ ನಾಣ್ಯ ಗೀರುತ್ತದೆ. ಓಕ್ ಮರದ ಪೆಟ್ಟಿಗೆ ಬೇಡ, ಅದು ಬಿಡುವ ಆಮ್ಲದ ಆವಿ ಸೀಸದಂಥ ಲೋಹವನ್ನು ತಿನ್ನುತ್ತದೆ. ಮಹಾಗನಿ ಆಗಬಹುದು. ಉಣ್ಣೆ ಬಟ್ಟೆಯಲ್ಲಿ ಬೆಳ್ಳಿ ಸುತ್ತಿಡಬೇಡಿ, ಅದರಲ್ಲೂ ಗಂಧಕ ಇದೆ. ಒಂದು ಸಿಲಿಕಾ ಜೆಲ್ ಪೊಟ್ಟಣ ಜೊತೆಗಿಟ್ಟು, ಅದರ ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಇಡಿ. ಮೂರು ನಾಲ್ಕು ತಿಂಗಳಿಗೊಮ್ಮೆ ತೆಗೆದು, ಮೊದಲ ದಿನ ತೆಗೆದ ಫೋಟೋ ಪಕ್ಕದಲ್ಲಿಟ್ಟು ಹೋಲಿಸಿ. ಹೊಸ ಚುಕ್ಕೆ, ಹೊಸ ಹಸಿರು ಕಂಡರೆ ಅವತ್ತೇ ಆ ನಾಣ್ಯವನ್ನು ಬೇರೆ ಡಬ್ಬಿಗೆ ಹಾಕಿ.